ನೀರು ಕುಡಿದ ಗೋಡೆ

ಸಂಗನಬಸಪ್ಪನವರಿಗೆ ಕಾರು ಓಡಿಸಲು ಬರುತ್ತಿತ್ತು, ಆದರೆ ಅಮೆರಿಕದ ಹೈವೇ ಹತ್ತುತ್ತಿರಲಿಲ್ಲ. ಈಸ್ಟ್‌ಗೇಟ್‌ನ ಮನೆಯಿಂದ ಅವರು ಕೆಲಸ ಮಾಡುವ ಅಂಗಡಿಗೆ ಒಳರಸ್ತೆಯಲ್ಲೇ ಹನ್ನೆರಡು ನಿಮಿಷದ ದಾರಿ. ಅದಕ್ಕಿಂತ ದೂರ ಹೋಗಬೇಕಾದಾಗ ನನಗೆ ಫೋನ್ ಮಾಡುತ್ತಿದ್ದರು.

"ಶಿವಕುಮಾರ, ಶನಿವಾರ ಖಾಲಿ ಅದೀಯೇನಪಾ? ಒಂದು ಗ್ವಾಡಿ ನೋಡೋದೈತಿ."

ಅವರು ಬಾಗಲಕೋಟೆ ಕಡೆಯವರು. ಅಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಹದಿನೆಂಟು ವರ್ಷ ಜೂನಿಯರ್ ಇಂಜಿನಿಯರ್ ಆಗಿದ್ದರು. ಶಾಲೆಯ ಕೋಣೆ, ಪಶು ಆಸ್ಪತ್ರೆ, ನೀರಿನ ಟಾಕಿ ಕಟ್ಟಿಸಿದವರು. ಹೆಂಡತಿ ಶಾಂತವ್ವ ನರ್ಸ್. ಅವರಿಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಎರಡು ಸಾವಿರದ ಎಂಟರಲ್ಲಿ ಇವರೂ ಹಿಂದೆ ಬಂದರು. ಇವರ ಡಿಪ್ಲೊಮಾವನ್ನು ಇಲ್ಲಿ ಯಾರೂ ಒಪ್ಪಲಿಲ್ಲ. ಕಟ್ಟಡ ಸಾಮಾನಿನ ದೊಡ್ಡ ಅಂಗಡಿಯೊಂದರಲ್ಲಿ ಏಪ್ರನ್ ಕಟ್ಟಿಕೊಂಡು, ಸಿಮೆಂಟು ಚೀಲ ಮತ್ತು ಕಾಂಕ್ರೀಟ್ ಬ್ಲಾಕುಗಳ ಸಾಲಿನಲ್ಲಿ ನಿಂತರು. ಗಿರಾಕಿ ಕೇಳಿದ್ದನ್ನು ಟ್ರಾಲಿಗೆ ಎತ್ತಿ ಹಾಕುವುದು ಅವರ ಕೆಲಸ.

ಅಂಗಡಿಯ ಹೊರಗೆ ಅವರಿಗೆ ಬೇರೆ ಹೆಸರಿತ್ತು. ಸಿಯಾಟಲ್ ಸುತ್ತಮುತ್ತಲಿನ ನಮ್ಮವರೆಲ್ಲ ಮರದ ಚೌಕಟ್ಟಿನ ಮನೆಗಳಲ್ಲಿರುವವರು. ಎಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎದೆ ಹಾರುತ್ತಿತ್ತು. ಆಗ ಸಂಗನಬಸಪ್ಪನವರು ಹೋಗಿ, ನಡುಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, ಕಿವಿಗೊಟ್ಟು ಕೇಳಿ, "ಮರ ಒಣಗೇತಿ, ಅಷ್ಟ. ಆರಾಮ ಮಲಕೋರಿ" ಎನ್ನುತ್ತಿದ್ದರು. ಒಂದು ಲೋಟ ಚಹಾ ಕುಡಿದು ಬರುತ್ತಿದ್ದರು. ಅವರು ಹಾಗೆ ಹೇಳಿದ ಮೇಲೆ ಜನ ನಿಜವಾಗಿಯೂ ನಿದ್ದೆ ಮಾಡುತ್ತಿದ್ದರು.

ರಾಹಿಲಾಳ ಕೋಣೆಯ ಮಾತು ಬಂದದ್ದು ಎರಡು ಸಾವಿರದ ಹದಿನಾರರ ಜೂನ್‌ನಲ್ಲಿ. ಅವಳ ಗಂಡ ಮನ್ಸೂರ್ ಕರ್ಕ್‌ಲ್ಯಾಂಡ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು. ಇಬ್ಬರೂ ಮೈಸೂರಿನವರು. ಇಸ್ಸಾಕ್ವಾದ ಗುಡ್ಡದ ಬಡಾವಣೆಯಲ್ಲಿ ಅವರದು ಕೊನೆಯ ಮನೆ. ಹಿತ್ತಲು ಮುಗಿಯುವಲ್ಲಿ ನೆಲ ಕೊರಕಲಿಗೆ ಇಳಿಯುತ್ತಿತ್ತು. ಕೊರಕಲ ತುಂಬ ಎತ್ತರದ ಫರ್ ಮರಗಳು. ರಾಹಿಲಾ ನಾಲ್ಕು ವರ್ಷ ಗಂಡನ ವೀಸಾದ ಮೇಲೆ ಕೆಲಸ ಮಾಡುವ ಹಕ್ಕಿಲ್ಲದೆ ಕುಳಿತಿದ್ದವಳು. ನಿಯಮ ಬದಲಾಗಿ ಪರವಾನಗಿ ಬಂದ ಮೇಲೆ, ಆಸ್ಪತ್ರೆಗಳ ದಾಖಲೆ ಪರಿಶೀಲಿಸುವ ಕಂಪನಿಯೊಂದರಲ್ಲಿ ಮನೆಯಿಂದಲೇ ಮಾಡುವ ಕೆಲಸ ಹಿಡಿದಿದ್ದಳು. ಅದಕ್ಕೊಂದು ಷರತ್ತಿತ್ತು. ರೋಗಿಗಳ ವಿವರ ಬೇರೆ ಯಾರ ಕಿವಿಗೂ ಬೀಳಬಾರದು, ಬೀಗ ಹಾಕುವ ಪ್ರತ್ಯೇಕ ಕೋಣೆ ಬೇಕು. ಬೇಸಿಗೆ ಮುಗಿಯುವವರೆಗೆ ಹೇಗಾದರೂ ಸುಧಾರಿಸಿಕೋ ಎಂದಿದ್ದರು. ಆರು ತಿಂಗಳಾದ ಮೇಲೆ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬ ತೀರ್ಮಾನ.

ಮನೆಯಲ್ಲಿ ಮೂರು ಕೋಣೆ, ಇಬ್ಬರು ಮಕ್ಕಳು, ಅತ್ತೆ ಗೌಹರ್.

"ಹಿತ್ತಲಲ್ಲಿ ಒಂದು ಆಫೀಸ್ ಕಟ್ಕೋಬೇಕು ಅಂಕಲ್. ಆದ್ರೆ ಮರದ ಶೆಡ್ ಬೇಡ" ಎಂದಳು ರಾಹಿಲಾ. "ಈ ಮನೇಲಿ ಅತ್ತೆ ತಸ್ಬೀಹ್ ಮಣಿ ಎಣಿಸಿದ್ರೂ ನನ್ನ ರೂಮಿಗೆ ಕೇಳತ್ತೆ. ಬಿಸ್ಕತ್ ಡಬ್ಬದೊಳಗೆ ಇದ್ದ ಹಾಗೆ. ನನಗೆ ಗೋಡೆ ಅಂದ್ರೆ ಗೋಡೆ ಬೇಕು."

"ತಸ್ಬೀಹ್ ಕಿವಿಗೆ ಬಿದ್ರೆ ಸವಾಬ್ ಬರತ್ತೆ, ಪುಣ್ಯ, ಸುಮ್ನಿರು" ಎಂದರು ಅಡುಗೆಮನೆಯಿಂದ ಗೌಹರ್.

ಸಂಗನಬಸಪ್ಪನವರ ಮುಖ ಅರಳಿದ್ದನ್ನು ನಾನು ನೋಡಿದೆ. ಎಂಟು ವರ್ಷ ಬ್ಲಾಕುಗಳನ್ನು ಬೇರೆಯವರ ಟ್ರಾಲಿಗೆ ಎತ್ತಿ ಹಾಕಿದ್ದರೇ ಹೊರತು ಒಂದರ ಮೇಲೊಂದು ಇಟ್ಟಿರಲಿಲ್ಲ. ಅಲ್ಲೇ ಕಾಗದದ ಮೇಲೆ ಗೆರೆ ಎಳೆದರು. ಹತ್ತು ಅಡಿಗೆ ಹನ್ನೆರಡು ಅಡಿ, ಒಳಗೆ ಟೊಳ್ಳಿರುವ ಬ್ಲಾಕು, ಮೂಲೆಗಳಿಗೆ ಕಂಬಿ. ಮೇಲೆ ಮೈಸೂರಿನ ಮನೆಯ ಹಾಗೆ ಚಪ್ಪಟೆ ಮಾಡು, ಸುತ್ತ ಮೊಣಕಾಲೆತ್ತರದ ಪ್ಯಾರಾಪೆಟ್ ಗೋಡೆ. ಅಷ್ಟು ಚಿಕ್ಕ ಕೋಣೆಗೆ ಪರ್ಮಿಟ್ ಬೇಡ ಎಂದು ಮನ್ಸೂರ್ ಎಲ್ಲೋ ಓದಿದ್ದ. ಯಾರೂ ಮತ್ತೆ ಕೇಳಲು ಹೋಗಲಿಲ್ಲ.

ಒಂಬತ್ತು ವಾರಾಂತ್ಯ ಹಿಡಿಯಿತು. ಸೆಪ್ಟೆಂಬರ್ ಎರಡನೇ ವಾರ ಗೋಡೆ ಮುಗಿದ ದಿನ ಸಂಗನಬಸಪ್ಪನವರು ಮನ್ಸೂರನ ಕೈಗೆ ನೀರಿನ ಪೈಪು ಕೊಟ್ಟರು.

"ಇಪ್ಪತ್ತೊಂದು ದಿನ, ಮುಂಜಾನೆ ಸಂಜೀಕ ನೀರು ಹೊಯ್ರಿ. ಬ್ಲಾಕಿನ ಬಾಯಿ ಮ್ಯಾಲೆ ತೆರದ ಇಟ್ಟೀನಿ. ಅದರೊಳಗೂ ಬಿಡ್ರಿ. ಗ್ವಾಡಿ ಎಷ್ಟು ಕುಡಿತೈತಿ ಅಷ್ಟು ಗಟ್ಟಿ."

ನಮ್ಮ ಕಡೆ ಹುಟ್ಟಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಹೊಸ ಗೋಡೆಗೆ ನೀರು ಹಾಕುವುದೆಂದರೆ ಮಗುವಿಗೆ ಎಣ್ಣೆ ಹಚ್ಚಿದ ಹಾಗೆ. ಮನ್ಸೂರ್ ಒಂದು ಹೊತ್ತೂ ತಪ್ಪಿಸಲಿಲ್ಲ. ಪಕ್ಕದ ಮನೆಯ ಅಮೆರಿಕನ್ ಮುದುಕ ಬೇಲಿಯ ಆಚೆ ನಿಂತು ಒಂದು ವಾರ ನೋಡಿ, "ಇದು ಇನ್ನೂ ಬೆಳೆಯುತ್ತದೆಯೇ?" ಎಂದು ಕೇಳಿದನಂತೆ.

ಇಪ್ಪತ್ತೊಂದು ದಿನ ಮುಗಿದ ಮೇಲೆ ಪ್ಯಾರಾಪೆಟ್ಟಿನ ಬ್ಲಾಕುಗಳ ಬಾಯಿಯನ್ನು ಕಾಂಕ್ರೀಟಿನಿಂದ ಮುಚ್ಚಬೇಕಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಆ ಅಕ್ಟೋಬರ್‌ನಲ್ಲಿ ಅದು ಬಿಡಲೇ ಇಲ್ಲ. "ಬಿಸಿಲು ಬಂದ ಮ್ಯಾಲೆ ಮುಚ್ಚೋಣು" ಎಂದು ಸಂಗನಬಸಪ್ಪನವರು ಪ್ಲಾಸ್ಟಿಕ್ ಹಾಳೆ ಹೊದಿಸಿ ಬಂದರು. ಗಾಳಿ ಅದನ್ನು ಕೊರಕಲಿಗೆ ಒಯ್ದಿತು. ಅಷ್ಟರೊಳಗೇ ರಾಹಿಲಾ ಮೇಜು, ಕುರ್ಚಿ, ಹೀಟರ್ ಇಟ್ಟುಕೊಂಡು ಕೆಲಸ ಶುರು ಮಾಡಿದ್ದಳು.

ನವೆಂಬರ್ ಎರಡನೇ ವಾರ ಸಂಗನಬಸಪ್ಪನವರಿಗೆ ಅವಳ ಫೋನ್ ಬಂತು. ನನ್ನ ಕಾರಿನಲ್ಲಿ ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು.

"ಅಂಕಲ್, ನಗಬೇಡಿ. ರೂಮಲ್ಲಿ ನನ್ನ ಜೊತೆ ಯಾರೋ ಇದಾರೆ."

ನಾವು ಹೋದಾಗ ಮಧ್ಯಾಹ್ನ ಮೂರೂವರೆ. ಆ ತಿಂಗಳಲ್ಲಿ ಅಷ್ಟು ಹೊತ್ತಿಗೇ ಮರಗಳ ಕೆಳಗೆ ಕತ್ತಲು ಸೇರುತ್ತದೆ. ಕೋಣೆಯ ಒಳಗೆ ಬೆಚ್ಚಗಿತ್ತು, ಆದರೆ ಕೊರಕಲ ಕಡೆಯ ಗೋಡೆಯ ಹತ್ತಿರ ಹೋದರೆ ಮುಖಕ್ಕೆ ತಣ್ಣಗೆ ತಾಗುತ್ತಿತ್ತು. ಆ ಗೋಡೆಯ ಮೇಲೆ ಬಿಳಿಯ ಉಪ್ಪು ಹೂವಿನಂತೆ ಒಡೆದಿತ್ತು. ಕೆಳಗೆ ಅಗಲ, ಮೇಲೆ ಎರಡು ಇಳಿಜಾರು ಭುಜ, ಅದರ ಮೇಲೆ ದುಂಡಗೆ. ಗೋಡೆಗೆ ಒರಗಿ ಕುಳಿತು ಎದ್ದುಹೋದವರ ಗುರುತಿನಂತಿತ್ತು.

"ಮೂರು ಸಲ ಒರೆಸಿದೀನಿ" ಎಂದಳು ರಾಹಿಲಾ. "ಮತ್ತೆ ಬರತ್ತೆ. ಪ್ರತಿ ಸಲ ಸ್ವಲ್ಪ ದೊಡ್ಡದಾಗಿ. ರಾತ್ರಿ ಚಿಲಕ ಹಾಕಿದ ಬಾಗಿಲು ಬೆಳಿಗ್ಗೆ ತೆರೆದಿರತ್ತೆ. ಅದೆಲ್ಲ ಹೋಗ್ಲಿ. ಮೊನ್ನೆ ಕಾಲ್‌ನಲ್ಲಿ ನನ್ನ ಮೇಲಧಿಕಾರಿ ಕೇಳಿದಳು, ನಿನ್ನ ರೂಮಲ್ಲಿ ಯಾರಿದ್ದಾರೆ, ನೀರು ಕುಡಿಯೋ ಸದ್ದು ಕೇಳ್ತಿದೆ ಅಂತ. ಯಾರೂ ಇಲ್ಲ ಅಂದೆ. ನಂಬಲಿಲ್ಲ ಅನ್ಸತ್ತೆ. ಬೇರೆಯವರು ರೂಮಲ್ಲಿದ್ರೆ ಕೆಲಸದಿಂದ ತೆಗೀತಾರೆ ಅಂಕಲ್."

ಸಂಗನಬಸಪ್ಪನವರು ಗೋಡೆ ತಟ್ಟಿದರು. ತಲೆಯ ಎತ್ತರದಲ್ಲಿ ಟಣ್ ಎಂದಿತು. ಎದೆಯ ಎತ್ತರಕ್ಕೆ ಇಳಿದಾಗ ಸದ್ದು ಮಂಕಾಯಿತು. ಸೊಂಟದಿಂದ ಕೆಳಗೆ ತಟ್ಟಿದರೆ ತುಂಬಿದ ಹೊಟ್ಟೆಯನ್ನು ತಟ್ಟಿದ ಹಾಗೆ. ಅವರು ಕಿವಿಯನ್ನು ಬ್ಲಾಕಿಗೆ ಹಚ್ಚಿ ಬಹಳ ಹೊತ್ತು ನಿಂತರು. ನಾನೂ ಕಿವಿಗೊಟ್ಟೆ. ಮೊದಲು ಏನೂ ಇರಲಿಲ್ಲ. ಆಮೇಲೆ ಒಳಗೆ ಎಲ್ಲೋ ಆಳದಲ್ಲಿ ಒಂದು ಹನಿ ಬಿತ್ತು. ಅದರ ಹಿಂದೆಯೇ ಗಂಟಲಿನಿಂದ ಗುಟುಕು ಇಳಿದ ಸದ್ದು. ನಾನು ಹಿಂದೆ ಸರಿದೆ.

ಅವರು ಜೇಬಿನಿಂದ ದಾರ ತೆಗೆದು, ಗೋಡೆಯ ತುದಿಯ ಮೊಳೆಗೆ ಕಟ್ಟಿ, ಕೆಳಗೆ ಭಾರದ ಕಬ್ಬಿಣದ ನಟ್ಟು ತೂಗಬಿಟ್ಟರು. ಅದು ಓಲಾಡುವುದು ನಿಂತ ಮೇಲೆ, ನೆಲದಲ್ಲಿ ಅದರ ನೇರಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟರು.

"ಇದೇನು ಅಂಕಲ್?"

"ಏನಿಲ್ಲವ್ವಾ. ಹೊಸಾ ಗ್ವಾಡಿ, ಸ್ವಲ್ಪ ಹಸಿ ಐತಿ. ಇದನ್ನ ಮುಟ್ಟಬ್ಯಾಡ, ಮುಂದಿನ ವಾರ ಬರ್ತೀನಿ."

ದಾರಿಯುದ್ದಕ್ಕೂ ಅವರು ನಡುಬೆರಳಿನ ಗೆಣ್ಣನ್ನು ಉಜ್ಜಿಕೊಳ್ಳುತ್ತಿದ್ದರು.

ಮುಂದಿನ ಶನಿವಾರ ನಟ್ಟು ಚುಕ್ಕೆಯ ಮೇಲಿರಲಿಲ್ಲ. ಕೊರಕಲ ಕಡೆಗೆ ಒಂದು ಬೆರಳಗಲ ಸರಿದಿತ್ತು. ಮುಟ್ಟಿದವರು ಯಾರೂ ಇಲ್ಲ. ಅವರು ಹೊಸ ಚುಕ್ಕೆ ಇಟ್ಟರು. ಗೌಹರ್ ಬಾಗಿಲ ಮೇಲೆ ಒಂದು ತಾಯಿತ ಕಟ್ಟಿಸಿದ್ದರು.

"ಏನಪ್ಪಾ ಇಂಜಿನಿಯರು" ಎಂದರು ಅವರು, ಸೊಂಟದ ಮೇಲೆ ಕೈಯಿಟ್ಟು. "ಇದು ನಿನ್ನ ಸಿಮೆಂಟಿನ ಕೆಲ್ಸಾನೋ, ಬೇರೆಯವರ ಕೆಲ್ಸಾನೋ? ಈ ಜಾಗದಲ್ಲಿ ಅಸರ್, ಗಾಳಿ ಸೋಂಕು ಇದೆ ಅಂತ ನನಗೆ ಅನ್ಸತ್ತೆ. ಮರ ಕಡಿದು ಮನೆ ಮಾಡಿದಾರೆ, ಅಲ್ಲಿದ್ದವರು ಎಲ್ಲಿಗೆ ಹೋಗ್ಬೇಕು?"

ಸಂಗನಬಸಪ್ಪನವರು ಪೆನ್ಸಿಲು ಜೇಬಿಗಿಟ್ಟುಕೊಳ್ಳುತ್ತ ತಲೆ ತಗ್ಗಿಸಿದರು. "ನೀವು ಓದೋದು ಓದ್ರಿ ಅಮ್ಮಾ. ಅದೂ ಒಳ್ಳೇದ."

ಗೌಹರ್ ಅಂದಿನಿಂದ ದಿನಾ ಸಂಜೆ ಕೋಣೆಯ ಹೊರಗೆ ನಿಂತು ಕುರಾನ್ ಓದತೊಡಗಿದರು. ರಾಹಿಲಾಳಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ಆದರೂ ಬಾಗಿಲು ಹಾಕಿಕೊಂಡು ಒಳಗೇ ಕುಳಿತಳು. ಡಿಸೆಂಬರ್ ಎರಡಕ್ಕೆ ಅವಳ ಆರು ತಿಂಗಳ ರಿವ್ಯೂ ಇತ್ತು.

ಮೂರನೇ ಶನಿವಾರ ನೆಲದ ಮೇಲೆ ಸಾಲಾಗಿ ಮೂರು ಚುಕ್ಕೆಗಳಾದವು. ಮೂರೂ ಒಂದೇ ದಿಕ್ಕಿಗೆ ಹೊರಟಿದ್ದವು. ಎರಡು ಮತ್ತು ಮೂರರ ನಡುವಿನ ದೂರ ಒಂದು ಮತ್ತು ಎರಡರ ನಡುವಿನದಕ್ಕಿಂತ ಹೆಚ್ಚಿತ್ತು. ಕಾರಿಗೆ ಬಂದ ಮೇಲೆ ನಾನು ಇಂಜಿನ್ ಶುರು ಮಾಡಲಿಲ್ಲ.

"ಸರ್, ನಿಮಗೆ ಇದೇನು ಅಂತ ಗೊತ್ತಿದೆ."

"ಗೊತ್ತೈತಿ."

"ಮತ್ತೆ ಹೇಳೋದಿಲ್ವಾ?"

ಅವರು ಕಿಟಕಿಯ ಕಡೆ ತಿರುಗಿದರು. "ಏನಂತ ಹೇಳ್ಲಿ? ಈ ಊರಾಗ ನನ್ನ ಹತ್ರ ಇರೋದು ಇದೊಂದ. ನಿಂತೈತಿ ಅಂತ ಸಂಗಪ್ಪ ಅಂದ್ರ, ಗ್ವಾಡಿ ನಿಂತೈತಿ. ಇದೂ ಹೋದ್ರ ನಾನು ಚೀಲ ಹೊರೋ ಮುದುಕ. ಒಂದು ವಾರ ಕೊಡು. ಮಳಿ ನಿಂತ್ರ ತಾನ ಒಣಗತೈತಿ."

ನಾನು ಆಗಲೇ ಮನ್ಸೂರನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ದೊಡ್ಡವರ ಮಾತಿಗೆ ಎದುರಾಡಿ ಗೊತ್ತಿಲ್ಲದ ಮನೆಯಲ್ಲಿ ಬೆಳೆದವನು ನಾನು ಎಂಬುದು ಒಂದು ನೆಪ, ಅಷ್ಟೇ.

ಮಳೆ ನಿಲ್ಲಲಿಲ್ಲ. ಡಿಸೆಂಬರ್ ಎರಡು ಶುಕ್ರವಾರ. ಮಧ್ಯಾಹ್ನ ಒಂದೂವರೆಗೆ ಅವರ ಫೋನ್ ಬಂತು. ಅಂಗಡಿಯ ಗದ್ದಲದ ನಡುವೆ ಅವರ ದನಿ ಸಣ್ಣಗಿತ್ತು. "ನಾಳೀಗ ಬ್ಯಾಡ. ಈಗ ಹೋಗೋಣು. ಇಲ್ಲೆ ಬ್ಲಾಕಿನ ಮುಂದ ನಿಂತೀನಿ."

ಇಸ್ಸಾಕ್ವಾ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ಮನ್ಸೂರ್ ಆಫೀಸಿನಲ್ಲಿದ್ದ, ಮಕ್ಕಳು ಶಾಲೆಯಲ್ಲಿದ್ದರು. ಗೌಹರ್ ನಮ್ಮನ್ನು ಹಿತ್ತಲಿಗೆ ಬಿಟ್ಟು ಹಿಂದೆಯೇ ಬಂದರು. ಮಬ್ಬಿನಲ್ಲಿ ಕೋಣೆಯ ಕಿಟಕಿ ಮಾತ್ರ ಹಳದಿಯಾಗಿ ಕಾಣುತ್ತಿತ್ತು. ಹತ್ತಿರ ಹೋದಂತೆ ನನಗೆ ತಲೆ ಸುತ್ತಿದ ಹಾಗಾಯಿತು. ಮರಗಳು ನೆಟ್ಟಗಿದ್ದವು, ಕೋಣೆ ನೆಟ್ಟಗಿರಲಿಲ್ಲ. ಕೊರಕಲ ಕೆಳಗಿನಿಂದ ಯಾರೋ ಏನೋ ಹೇಳುತ್ತಿದ್ದಾರೆ, ಅದನ್ನು ಕೇಳಲು ಬಾಗಿದೆ ಎನ್ನುವಂತಿತ್ತು. ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಸಂಗನಬಸಪ್ಪನವರು ಅದರೊಳಗೆ ನಾಲ್ಕು ಬೆರಳು ತೂರಿಸಿದರು. ಹೊರಗೆ ತೆಗೆದಾಗ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಾಗಿಲು ದೂಡಿದರು. ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಂಡಿತ್ತು. ನಾವಿಬ್ಬರೂ ಹೆಗಲು ಕೊಟ್ಟರೂ ಅಲುಗಲಿಲ್ಲ. ಕಿಟಕಿಯ ಗಾಜು ತಟ್ಟಿದರು. ರಾಹಿಲಾ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಳು. ಕೈಯೆತ್ತಿ ತಾಳಿ ಎಂಬ ಸನ್ನೆ ಮಾಡಿದಳು. ಅವರು ಮತ್ತೆ ತಟ್ಟಿದಾಗ ಎದ್ದು ಬಂದು ಕಿಟಕಿಯನ್ನು ಒಂದು ಗೇಣು ಸರಿಸಿದಳು.

"ಅಂಕಲ್, ಪ್ಲೀಸ್. ರಿವ್ಯೂ ನಡೀತಿದೆ. ಮ್ಯೂಟ್ ಮಾಡಿ ಬಂದಿದೀನಿ. ಇನ್ನು ಹದಿನೈದು ನಿಮಿಷ."

"ಹೊರಗ ಬಾ ತಂಗಿ. ಕಿಟಕ್ಯಾಗಿಂದ ಬಾ."

"ಈಗ ಎದ್ದು ಬಂದ್ರೆ ಕೆಲಸ ಹೋಗತ್ತೆ. ಏನಿಲ್ಲ ಅಂತ ನೀವೇ ಹೇಳಿದ್ರಲ್ಲ? ಹಸಿ ಅಷ್ಟೇ ಅಂದ್ರಲ್ಲ?" ಅವಳು ಗಾಜನ್ನು ಎಳೆದುಕೊಳ್ಳತೊಡಗಿದಳು.

ಸಂಗನಬಸಪ್ಪನವರು ಸಂದಿಯಲ್ಲಿ ಕೈಯಿಟ್ಟರು. ಗಾಜು ಬೆರಳುಗಳ ಮೇಲೆ ಒತ್ತಿ ನಿಂತಿತು. ಅವರು ಕೈ ತೆಗೆಯಲಿಲ್ಲ.

"ಸುಳ್ಳು ಹೇಳೀನಿ. ಇದರಾಗ ಯಾರೂ ಇಲ್ಲ, ನೀರು ಐತಿ. ಗ್ವಾಡಿ ತುಂಬ ನೀರು ನಿಂತೈತಿ. ಬಾಯಿ ತೆರದ ಇಟ್ಟಾಂವ ನಾನು, ಹೊಯ್ಯಾಕ ಹೇಳಿದಾಂವ ನಾನು. ನಮ್ಮ ಕಡೆ ಇಪ್ಪತ್ತೊಂದು ದಿನ ಆದ ಮ್ಯಾಲೆ ಬಿಸಿಲು ಕುಡದು ಬಿಡತೈತಿ. ಇಲ್ಲೆ ಆಕಾಶ ಹೊಯ್ಕೋತನ ಹೋತು. ಅದು ಕೆಳಗ ಸೋರಿ ಪಾಯದ ಮಣ್ಣು ತಿಂದೈತಿ. ಪಾಯ ತೋಡುವಾಗ ಎರಡಡಿ ಕೆಳಗ ಮರದ ತೊಗಟಿ ಸಿಕ್ಕಿತ್ತು. ತೊಗಟಿ ಮಣ್ಣಿನ ಒಳಗ ಹ್ಯಾಂಗ ಬಂತು? ಯಾರೋ ತಂದು ಸುರದ ಮಣ್ಣು ಅದು. ಆವತ್ತ ನಿಲ್ಲಸಬೇಕಿತ್ತು. ಕಟ್ಟೋ ಆಸೆ ಇತ್ತು, ಮುಚ್ಚಿಬಿಟ್ಟೆ."

ರಾಹಿಲಾ ಗಾಜನ್ನು ಹಿಡಿದೇ ಇದ್ದಳು. "ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ. ತಟ್ಟಿದಾಗ."

"ಮೂರು ವಾರ."

"ಹೌದವ್ವಾ. ಮೂರು ವಾರ."

ಅವಳ ಹೆಡ್‌ಫೋನಿನಲ್ಲಿ ಯಾರದೋ ದನಿ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಅವಳು ಒಮ್ಮೆ ಮೇಜಿನ ಕಡೆ ನೋಡಿದಳು, ಒಮ್ಮೆ ಆ ಬಿಳಿಯ ಗುರುತಿನ ಕಡೆ. ಆಮೇಲೆ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಎಸೆದಳು. ಅದರ ವೈರು ಲ್ಯಾಪ್‌ಟಾಪಿನಿಂದ ಕಳಚಿ ಬಿತ್ತು. ಕುರ್ಚಿ ಹತ್ತಿ ಕಿಟಕಿಯಿಂದ ಹೊರಗೆ ಬಾಗಿದಳು. ನಾನು ತೋಳು ಹಿಡಿದು ಎಳೆದೆ. ನಾಲ್ವರೂ ಅಡುಗೆಮನೆಯ ಮೆಟ್ಟಿಲವರೆಗೆ ಓಡಿ ಹೋಗಿ ನಿಂತೆವು.

ಏನೂ ಆಗಲಿಲ್ಲ.

ಜಿಟಿಜಿಟಿ ಮಳೆ ಬೀಳುತ್ತಿತ್ತು. ಐದು ನಿಮಿಷ ಕಳೆಯಿತು. ರಾಹಿಲಾ ಬರಿಗಾಲಿನಲ್ಲಿ ನಿಂತು ಸಂಗನಬಸಪ್ಪನವರನ್ನು ನೋಡುತ್ತಿದ್ದಳು. "ಚೆನ್ನಾಗಿ ನಿಂತಿದೆಯಲ್ಲ" ಎಂದಳು. "ನನ್ನ ಕೆಲಸ ಮಾತ್ರ ಹೋಯ್ತು." ಅವರ ಬೆರಳುಗಳು ಊದಿಕೊಂಡಿದ್ದವು. ಗೋಡೆ ಬೀಳಲಿ ಎಂದು ಅವರು ಬೇಡಿಕೊಳ್ಳುತ್ತಿದ್ದರೋ, ಬೀಳದಿರಲಿ ಎಂದೋ, ನನಗೆ ತಿಳಿಯಲಿಲ್ಲ.

ಮೊದಲು ನೀರು ಬಂತು. ಬಿರುಕಿನ ಬುಡದಿಂದ ಕಪ್ಪಗೆ, ತಡೆದು ತಡೆದು, ವಾಂತಿಯ ಹಾಗೆ. ಕೊಳೆತ ಎಲೆಯ ವಾಸನೆ ನಮ್ಮವರೆಗೂ ಬಂತು. ಆಮೇಲೆ ಕೊರಕಲ ಕಡೆಯ ಗೋಡೆ ನಿಧಾನವಾಗಿ ಹಿಂದಕ್ಕೆ ಮಲಗಿತು. ದೊಡ್ಡ ಸದ್ದಾಗಲಿಲ್ಲ. ಒದ್ದೆ ಬ್ಲಾಕುಗಳು ಒದ್ದೆ ಪಾಚಿಯ ಮೇಲೆ ಬಿದ್ದವು, ಒಂದಷ್ಟು ಮರಗಳ ನಡುವೆ ಉರುಳಿ ಇಳಿದವು. ಸದ್ದು ನಿಂತ ಮೇಲೆ ನಾವು ಹತ್ತಿರ ಹೋಗಿ ತೆರೆದ ಕಿಟಕಿಯಲ್ಲಿ ನೋಡಿದೆವು. ಮಾಡು ಕುರ್ಚಿಯ ಮೇಲೆ ಒರಗಿ ನಿಂತಿತ್ತು. ಕುರ್ಚಿಯ ಬೆನ್ನು ಮುರಿದಿತ್ತು. ಲ್ಯಾಪ್‌ಟಾಪ್ ಮಾತ್ರ ಓರೆಯಾದ ಮೇಜಿನ ತುದಿಯಲ್ಲಿ ಬೆಳಗುತ್ತಲೇ ಇತ್ತು. ತೆರೆಯ ಮೇಲೆ ಮೂರು ಮುಖಗಳು. ಮೂರೂ ಅಲುಗದೆ ನೋಡುತ್ತಿದ್ದವು. ಗೋಡೆಯಿದ್ದ ಜಾಗದಲ್ಲಿ ಈಗ ಅವರ ಎದುರು ಬರೀ ಫರ್ ಮರಗಳ ಕತ್ತಲು.

"ರಾಹಿಲಾ?" ಎಂದಿತು ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ. "ನಿನ್ನ ಕುರ್ಚಿಯ ಹತ್ತಿರ ಯಾರದು?"

ಗೌಹರ್ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿದ್ದ ಮಾಡಿನ ನೆರಳು ಎಂದು ನಾನು ಅಂದುಕೊಂಡೆ, ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಕಂಪನಿಯವರು ಬಿದ್ದ ಕೋಣೆಯ ಫೋಟೋ ನೋಡಿ ರಿವ್ಯೂವನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಸಂಗನಬಸಪ್ಪನವರು ತಮ್ಮ ಈಸ್ಟ್‌ಗೇಟ್ ಮನೆಯ ಕೋಣೆಯೊಂದನ್ನು ಬಿಟ್ಟುಕೊಡುತ್ತೇನೆಂದು ಹೇಳಿಕಳಿಸಿದರು. ರಾಹಿಲಾ ಬೇಡವೆಂದಳು. ಮಕ್ಕಳ ಕೋಣೆಯ ಬಟ್ಟೆ ಕಪಾಟನ್ನು ಖಾಲಿ ಮಾಡಿ, ಅದರೊಳಗೆ ಒಂದು ಸ್ಟೂಲ್ ಹಾಕಿಕೊಂಡು ಬೀಗ ಹಾಕಿ ಕುಳಿತು ಕೆಲಸ ಉಳಿಸಿಕೊಂಡಳು.

ಉಳಿದ ಮೂರು ಗೋಡೆಗಳನ್ನು ಸಂಗನಬಸಪ್ಪನವರೇ ಬಿಚ್ಚಿದರು. ಜನವರಿಯ ಎಲ್ಲ ಭಾನುವಾರಗಳೂ ಅದಕ್ಕೇ ಹೋದವು. ಮನ್ಸೂರ್ ಜೊತೆಗೆ ಬಂದು ಕೈ ಹಾಕುತ್ತಿದ್ದ, ಕೆಲಸ ಮುಗಿದ ಕೂಡಲೇ ಒಳಗೆ ಹೋಗುತ್ತಿದ್ದ. ಗೌಹರ್ ಚಹಾ ಕಳಿಸುತ್ತಿದ್ದರು. ರಾಹಿಲಾ ಹಿತ್ತಲಿಗೆ ಬರಲೇ ಇಲ್ಲ.

ಅವಳು ಬಂದದ್ದು ಪಾಯ ಕಿತ್ತ ಕೊನೆಯ ಭಾನುವಾರ. ಕಾಂಕ್ರೀಟಿನ ಪಟ್ಟಿಯನ್ನು ಮೀಟಿ ಎತ್ತಿದಾಗ ಅದರ ಕೆಳಗೆ ಮಣ್ಣೇ ಇರಲಿಲ್ಲ. ಬಾಗಿಲಷ್ಟು ಉದ್ದದ ಕರೀ ಸಂದಿ, ಅದರಿಂದ ತಣ್ಣನೆಯ ಗಾಳಿ. ಸಂಗನಬಸಪ್ಪನವರು ಆರಡಿಯ ಕಂಬಿಯೊಂದನ್ನು ಅದರೊಳಗೆ ಇಳಿಸಿದರು. ಒತ್ತಬೇಕಾಗಲೇ ಇಲ್ಲ. ಕಂಬಿ ತನ್ನ ಭಾರಕ್ಕೇ ಇಳಿದು, ಕೈ ಜಾರಿ, ಕಾಣೆಯಾಯಿತು. ತಳಕ್ಕೆ ತಾಗಿದ ಸದ್ದು ಬರಲಿಲ್ಲ.

"ಸಂಗನಬಸಪ್ಪನವರೇ" ಎಂದಳು ರಾಹಿಲಾ ಹಿಂದಿನಿಂದ. ಅಂಕಲ್ ಎನ್ನಲಿಲ್ಲ. "ಇದು ಎಲ್ಲಿವರೆಗೆ ಹೋಗಿದೆ?"

ಅವರು ಸಂದಿಯನ್ನು ನೋಡಿದರು. ಆಮೇಲೆ ಮನೆಯ ಕಡೆ ನೋಡಿದರು. ಅಲ್ಲಿಂದ ಮನೆಗೆ ಮೂವತ್ತು ಹೆಜ್ಜೆ. ಮಹಡಿಯ ಕಿಟಕಿಯಲ್ಲಿ ಮಕ್ಕಳ ತಲೆಗಳು ಕಾಣುತ್ತಿದ್ದವು.

"ಗೊತ್ತಿಲ್ಲ" ಎಂದರು. ಅವರ ಬಾಯಿಂದ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಮನಿ ಗಟ್ಟಿ ನೆಲದ ಮ್ಯಾಲೈತಿ ಅಂತ ನನಗ ಅನಸ್ತೈತಿ. ಆದ್ರ ನನ್ನ ಮಾತು ನಂಬಬ್ಯಾಡವ್ವಾ. ಲೈಸೆನ್ಸ್ ಇದ್ದ ಇಂಜಿನಿಯರನ್ನ ಕರಸು. ನಾಳೆ ಅನ್ನಬ್ಯಾಡ, ಇವತ್ತ ಕರಸು."

ಅವಳು ಅಲ್ಲೇ ನಿಂತು ಫೋನ್ ತೆಗೆದಳು. ಅತ್ತ ಕಡೆಯವರು ಎತ್ತುವವರೆಗೂ ಅವರು ಸಂದಿಯ ಅಂಚಿನಲ್ಲಿ ಮಂಡಿಯೂರಿ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, ಅವಳ ಮುಖವನ್ನೇ ನೋಡುತ್ತಿದ್ದರು.